ಕೋಳಿಗೂಡಿನ ಕರಿಚಿರತೆ

ಬೆಳಗಾವಿಯ ಖಡೇಬಜಾರಿನಲ್ಲಿ ಸೀರೆ ಅಂಗಡಿ ಇಟ್ಟವರಿಗೆ ಕಾಲಾಂತರದಲ್ಲಿ ಒಂದು ಬಗೆಯ ಮುಖ ಬಂದುಬಿಡುತ್ತದೆ. ಎದುರಿಗೆ ಕೂತ ಬೀಗರ ಗುಂಪು ಕಪಾಟಿನಲ್ಲಿದ್ದ ಸೀರೆಗಳನ್ನೆಲ್ಲ ಇಳಿಸಿ, ಬಿಚ್ಚಿಸಿ, ಚಹಾ ಕುಡಿದು, "ನಾಳಿ ಬರ್ತೀವ್ರಿ" ಎಂದು ಎದ್ದು ಹೋದರೂ ಆ ಮುಖದ ಮೇಲಿನ ನಗೆ ಮಾಸುವುದಿಲ್ಲ. ಶಶಿಧರನ ಅಪ್ಪನಿಗೆ ಆ ಮುಖವಿತ್ತು, ಅಜ್ಜನಿಗೂ ಇತ್ತು. ಶಶಿಧರನಿಗೆ ಬರಲಿಲ್ಲ. ಐವತ್ತರ ಹತ್ತಿರ ಬಂದರೂ ಅವನ ಮುಖದ ಮೇಲಿದ್ದದ್ದು ತಾತ್ಸಾರ ಒಂದೇ. "ಇದರ ಬಣ್ಣ ಹೋಗ್ತತೇನ್ರಿ?" ಎಂದು ಯಾರಾದರೂ ಕೇಳಿದರೆ, ಹೋಗದೆ ಉಳಿಯುವ ಬಣ್ಣ ಈ ಲೋಕದಲ್ಲಿ ಯಾವುದಿದೆ ಎನ್ನುವ ಹಾಗೆ ನೋಡುತ್ತಿದ್ದ. ಗಿರಾಕಿ ಸೀರೆ ಮಡಚಿಟ್ಟು ಪಕ್ಕದ ಅಂಗಡಿಗೆ ಹೋಗುತ್ತಿದ್ದಳು. ಅದಕ್ಕೂ ಅವನಿಗೆ ತಾತ್ಸಾರವೇ.

ಅವನ ಬದುಕಿನಲ್ಲಿ ಬಂದದ್ದೆಲ್ಲ ತಾನಾಗಿ ಬಂದಿತ್ತು. ಅಂಗಡಿ ಅಪ್ಪನಿಂದ ಬಂತು, ಮನೆ ಅಜ್ಜನಿಂದ. ಹೆಂಡತಿ ಪೂರ್ಣಿಮಾಳನ್ನು ಸೋದರತ್ತೆ ಗೋಕಾಕದಲ್ಲಿ ಯಾರದೋ ಮದುವೆಯಲ್ಲಿ ನೋಡಿ ಗೊತ್ತು ಮಾಡಿ ಬಂದಿದ್ದಳು. ಆಕೆ ಇವನಿಗಿಂತ ಜಾಣೆಯಾಗಿದ್ದದ್ದು ಇವನ ಪುಣ್ಯ. ಮಗಳು ನಿಖಿತಾ ಓದಿನಲ್ಲಿ ಮುಂದಿದ್ದಳು, ಅದಕ್ಕೂ ಇವನು ಏನೂ ಮಾಡಿರಲಿಲ್ಲ. ಮದುವೆಯ ದಿನಗಳು ಬಂದರೆ ಸೀರೆಗಳು ತಾವೇ ಖರ್ಚಾಗುತ್ತಿದ್ದವು. ತಾನು ಬೆನ್ನು ಹತ್ತಿ ಹೋಗಿ ಹಿಡಿದದ್ದು ಅಂತ ಅವನ ಹತ್ತಿರ ಒಂದು ವಸ್ತುವೂ ಇರಲಿಲ್ಲ.

ಕರಿಚಿರತೆಯೂ ಹಾಗೇ ತಾನಾಗಿಯೇ ಎದುರಿಗೆ ಬಂದದ್ದು. ಆದರೆ ಅದು ನಿಲ್ಲಲಿಲ್ಲ.

ಜಾಂಬೋಟಿ ಕಡೆ ಗೆಳೆಯನೊಬ್ಬನ ತೋಟದಲ್ಲಿ ಊಟ ಮುಗಿಸಿ ಗಂಡ ಹೆಂಡತಿ ಕಾರಿನಲ್ಲಿ ಮರಳುತ್ತಿದ್ದರು. ಹೊತ್ತು ಮುಳುಗಿತ್ತು, ಪೂರ್ತಿ ಕತ್ತಲಾಗಿರಲಿಲ್ಲ. ಒಂದು ತಿರುವಿನಲ್ಲಿ ಕರ್ರಗಿನ ಪ್ರಾಣಿಯೊಂದು ರಸ್ತೆ ದಾಟಿತು. ಅವಸರವಿಲ್ಲದೆ, ಯಾರ ಹಂಗೂ ಇಲ್ಲದ ಹಾಗೆ ದಾಟಿ ಪೊದೆಯೊಳಗೆ ಹೋಯಿತು. ಶಶಿಧರ ಕಾರು ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ನೋಡಿದ್ಯಾ?"

"ನೋಡಿದ್ನಿ," ಎಂದಳು ಪೂರ್ಣಿಮಾ. "ನಾಯಿ."

"ನಾಯಿ ಅಲ್ಲ ಅದು. ಕರಿ ಚಿರ್ತಿ."

"ಬಾಲ ಸುತ್ತಿ ಮ್ಯಾಲಿತ್ರಿ. ನಾಯೀನ. ನಡೀರಿ, ಮನ್ಯಾಗ ನಿಖಿತಾ ಒಬ್ಬಾಕೀನ ಅದಾಳ."

ಅದು ನಾಯಿಯೇ ಇದ್ದೀತು. ಆ ಭಾಗದಲ್ಲಿ ಕರಿಯ ನಾಯಿಗಳಿಗೇನು ಕೊರತೆಯಿಲ್ಲ. ಆದರೆ ಮುಂದಿನ ವಾರ ಶಶಿಧರ ಒಂದು ಕ್ಯಾಮೆರಾ ತಂದ. ಆಮೇಲೆ ಅದಕ್ಕೆ ಮೊಳದುದ್ದದ ಲೆನ್ಸು ತಂದ. ಎಲೆಗಳ ಚಿತ್ತಾರವಿದ್ದ ಹಸಿರು ಅಂಗಿ, ಹಸಿರು ಪ್ಯಾಂಟು, ಕಿವಿ ಮುಚ್ಚುವ ಹಸಿರು ಟೊಪ್ಪಿಗೆ ತಂದ. ಆ ವೇಷದಲ್ಲಿ ಅವನು ನಸುಕಿನಲ್ಲಿ ಕಾರು ಹತ್ತುವುದನ್ನು ನೋಡಿ ಹಾಲು ಹಾಕುವವನು ಮುಖ ಆ ಕಡೆ ತಿರುಗಿಸಿ ನಗುತ್ತಿದ್ದ. ಬೇಸಿಗೆಯಲ್ಲಿ ಖಾನಾಪುರದ ಕಾಡು ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗ, ಆ ಹಸಿರು ಮನುಷ್ಯ ಎಷ್ಟೋ ದೂರದಿಂದ ಎದ್ದು ಕಾಣುತ್ತಿದ್ದ. ಕಾಡಿನ ಪ್ರಾಣಿಗಳೆಲ್ಲ ಅವನನ್ನು ಚೆನ್ನಾಗಿ ನೋಡಿಕೊಂಡವು. ಅವನಿಗೆ ಮಾತ್ರ ಏನೂ ಕಾಣಲಿಲ್ಲ.

ಅವನಿಗೆ ದಾರಿ ತೋರಿಸಲು ಸಿಕ್ಕವನು ಯಲ್ಲೇಶ. ಖಾನಾಪುರದ ಹೊರಗೆ ಅವನ ಮನೆ. ಅಪ್ಪ ಕರೆಪ್ಪನ ಕಾಲದವರೆಗೂ ಅವರು ಕುರಿ ಕಾಯ್ದವರು. ಯಲ್ಲೇಶ ಟಂಟಂ ರಿಕ್ಷಾ ಓಡಿಸುತ್ತಿದ್ದ. ವಾರವೆಲ್ಲ ನಂದಗಡಕ್ಕೆ ಜನರನ್ನು ತುಂಬಿಕೊಂಡು ಹೋಗಿ ಬಂದು ಮಾಡಿ, ರವಿವಾರ ಶಶಿಧರನ ಜೊತೆ ಕಾಡಂಚು ತಿರುಗುತ್ತಿದ್ದ. ಮೊದಮೊದಲು ಸಿಗುವ ಕೂಲಿಗಾಗಿ ಹೋದ. ಎರಡು ಮಳೆಗಾಲ ಕಳೆಯುವುದರೊಳಗೆ ಅವನಿಗೂ ಅದು ಹತ್ತಿಕೊಂಡಿತು. ಅವನ ತಾಯಿ ಮಾಯವ್ವನಿಗೆ ಇಬ್ಬರನ್ನೂ ಕಂಡರೆ ನಗೆ.

"ಅದನ್ನೇನ್ ನೋಡ್ತೀರಿ ಯಪ್ಪಾ," ಎಂದಳು ಒಮ್ಮೆ, ಅಂಗಳದಲ್ಲಿ ಚಹಾ ಕೊಡುತ್ತ. "ನಮ್ಮ ಆಡು ಒಯ್ದಾಗ ನಾ ನೋಡೇನಿ. ಕರ್ರಗ ಐತಿ. ಕೆಮ್ಮಿದ್ರ ಓಡಿ ಹೋಗ್ತತಿ."

ಶಶಿಧರ ಚಹಾ ಕೆಳಗಿಟ್ಟ. "ಎಲ್ಲಿ ನೋಡಿದ್ಯವ್ವಾ?"

"ಅಲ್ಲೇ, ಹಿತ್ತಲದಾಗ. ಮತ್ತೆಲ್ಲಿ."

ಆ ಹಿತ್ತಿಲ ಕಡೆ ಅವನು ಒಮ್ಮೆಯೂ ಕೂತು ಕಾಯಲಿಲ್ಲ. ಹಿತ್ತಿಲಲ್ಲಿ ಕೂತರೆ ಅದೇನು ಹುಡುಕಿದ ಹಾಗಾಯಿತೇ? ಅವನು ಯಲ್ಲೇಶನನ್ನು ಎಬ್ಬಿಸಿಕೊಂಡು ಮೂರು ಹಳ್ಳ ದಾಟಿ, ಬಿದಿರು ಮೆಳೆಯ ಆಚೆಗಿನ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದ.

ಹೀಗೆ ಒಂಬತ್ತು ವರ್ಷ. ಕೇಳಿದವರಿಗೆಲ್ಲ ಅದನ್ನೊಂದು ಯಾತನೆ ಎಂಬಂತೆ ಹೇಳುತ್ತಿದ್ದ. ಇಂಬಳ ಕಚ್ಚಿದ್ದು, ಜಾರಿ ಬಿದ್ದು ಮೊಣಕಾಲು ಬಾತದ್ದು, ಇಡೀ ದಿನ ಕೂತು ಮಂಗ ನೋಡಿ ಬಂದದ್ದು. "ಇದೊಂದು ಮುಗೀಲಿ, ಆಮ್ಯಾಲ ಆರಾಮ," ಎನ್ನುತ್ತಿದ್ದ. ಆದರೆ ರವಿವಾರ ಸಂಜೆ ಬಂದು ರೊಟ್ಟಿ ಊಟ ಮಾಡುವ ಅವನ ಹಸಿವನ್ನು ಪೂರ್ಣಿಮಾ ನೋಡುತ್ತಿದ್ದಳು. ಮಲಗಿದರೆ ಮಗುವಿನ ಹಾಗೆ ಮಲಗುತ್ತಿದ್ದ. ಸೋಮವಾರ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಎರಡು ಮಾತು ಚೆನ್ನಾಗಿ ಆಡುತ್ತಿದ್ದ, ಸೋಮವಾರ ವ್ಯಾಪಾರವೂ ಆಗುತ್ತಿತ್ತು. ಬುಧವಾರದ ಹೊತ್ತಿಗೆ ತಾತ್ಸಾರ ಮರಳುತ್ತಿತ್ತು. ಶುಕ್ರವಾರ ಬೂಟಿಗೆ ಎಣ್ಣೆ ಹಚ್ಚಲು ಕೂತನೆಂದರೆ ಮತ್ತೆ ಮುಖ ತಿಳಿಯಾಗುತ್ತಿತ್ತು.

ಕಾಡಿನಲ್ಲಿ ಅವನೂ ಯಲ್ಲೇಶನೂ ಆಡುತ್ತಿದ್ದ ಮಾತೆಲ್ಲ ಅದರದೇ. ಮುಸುವ ಮಂಗ ಯಾಕೆ ಕೂಗಿತು, ಚಿರತೆ ಕಂಡೋ ಸುಮ್ಮನೆಯೋ, ಗಾಳಿ ಯಾವ ಕಡೆಯದು, ಹಿಕ್ಕೆಯಲ್ಲಿದ್ದ ಕೂದಲು ಜಿಂಕೆಯದೋ ಕುರಿಯದೋ. ನಂದಗಡದ ಕಡೆಯಿಂದ ಅದು ಹಳ್ಳ ಹಿಡಿದು ಬರುತ್ತದೆ ಎಂದು ಯಲ್ಲೇಶ. ಇಲ್ಲ, ಗುಡ್ಡದ ನೆತ್ತಿ ಹಿಡಿದು ಬರುತ್ತದೆ ಎಂದು ಶಶಿಧರ. ಅದರ ಮೇಲೆ ವಾದ. ಅಂಗಡಿಯಲ್ಲಿ ಹೂಂ ಅನ್ನಲೂ ಬೇಸರಪಡುವ ಮನುಷ್ಯ ಇಲ್ಲಿ ಒಂದು ಒಣ ಹಿಕ್ಕೆಯ ಸುತ್ತ ಅರ್ಧ ದಿನ ಮಾತಾಡುತ್ತಿದ್ದ.

ಒಂದು ಜುಲೈ ತಿಂಗಳಲ್ಲಿ ಹಳ್ಳದ ದಂಡೆಯ ಕೆಸರಿನಲ್ಲಿ ಹೆಜ್ಜೆ ಸಿಕ್ಕಿತು. ಹಸಿ ಹೆಜ್ಜೆ. ಅದರೊಳಗೆ ನೀರು ಇನ್ನೂ ಜಿನುಗಿ ತುಂಬಿಕೊಳ್ಳುತ್ತಿತ್ತು. ಅಂದರೆ ಅದು ಈಗತಾನೇ, ಇವರು ಬರುವ ಸಪ್ಪಳ ಕೇಳಿ, ಎದುರಿನ ಪೊದೆಗೆ ಸರಿದಿತ್ತು. ಇಬ್ಬರೂ ಆ ಹೆಜ್ಜೆಯ ಪಕ್ಕದಲ್ಲಿ ಕೊಡೆ ಬಿಚ್ಚಿ ಕೂತರು. ಸಂಜೆಯವರೆಗೆ ಮಳೆ ಬಂದು ಆ ಹೆಜ್ಜೆ ಕರಗಿ ಹೋಗುವುದನ್ನೇ ನೋಡುತ್ತ ಕೂತು, ಎದ್ದು ಬಂದರು. ಶಶಿಧರ ಆ ಸಂಗತಿಯನ್ನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ.

"ಅದರ ಹಿಂದ ಯಾಕ ಹೋಗಲಿಲ್ಲ?" ಎಂದು ಪೂರ್ಣಿಮಾ ಕೇಳಿದಳು. "ಅಷ್ಟ ಹತ್ರ ಇತ್ತಲ್ಲ."

"ಮಳಿ ಇತ್ತು," ಎಂದ ಅವನು.

ಊರಲ್ಲಿ ಕ್ಯಾಮೆರಾ ಹೊತ್ತವರದೊಂದು ಬಳಗವಿತ್ತು. ಅದರ ಮುಂದಾಳು ನಾಗಲಿಂಗ, ಪೆಟ್ರೋಲ್ ಪಂಪಿನ ಮಾಲಕ. ಅವನಿಗೆ ಎಲ್ಲವೂ ಸಿಕ್ಕಿತ್ತು. ಹುಲಿ ಸಿಕ್ಕಿತ್ತು, ಸಿಂಹ ಸಿಕ್ಕಿತ್ತು, ಹಿಮದ ಚಿರತೆಯೂ ಸಿಕ್ಕಿತ್ತು. ಮೈಸೂರಿನ ಆಚೆಗಿನ ಒಂದು ಕಾಡಿಗೆ ಹೋಗಿ, ದುಬಾರಿ ರೆಸಾರ್ಟಿನಲ್ಲಿ ಇಳಿದು, ಮೂರೇ ದಿನದಲ್ಲಿ ಕರಿಚಿರತೆಯನ್ನೂ ಮುಗಿಸಿಕೊಂಡು ಬಂದಿದ್ದ. ಅದನ್ನು ಕ್ಯಾಲೆಂಡರಿಗೆ ಹಾಕಿಸಿ ಡೀಸೆಲ್ ತುಂಬಿಸಿದವರಿಗೆಲ್ಲ ಹಂಚಿದ್ದ. ಹುಲಿಯ ಬಗ್ಗೆ ಕೇಳಿದರೆ ಅವನು ಹೇಳುತ್ತಿದ್ದದ್ದು ರೆಸಾರ್ಟಿನ ಊಟದ ಬಗ್ಗೆ. ಶಶಿಧರನಿಗೆ ಜಗತ್ತಿನಲ್ಲಿ ಯಾರ ಮೇಲಾದರೂ ಶುದ್ಧವಾದ, ಕಲಬೆರಕೆಯಿಲ್ಲದ ತಾತ್ಸಾರವಿದ್ದರೆ ಅದು ನಾಗಲಿಂಗನ ಮೇಲೆ.

ಆ ನಾಗಲಿಂಗ ಒಂದು ದಿನ ಹೆಂಡತಿಗೆ ಸೀರೆ ಕೊಡಿಸಲು ಅಂಗಡಿಗೆ ಬಂದ.

"ಶಶಿಯಣ್ಣಾರ, ಎಷ್ಟಂತ ಖಾನಾಪುರದಾಗ ಗುಡ್ಡಾ ಹತ್ತಿ ಇಳೀತೀರಿ? ನನ್ನ ಜೋಡಿ ಬರ್ರಿ. ಮೂರು ದಿನದಾಗ ತೋರಸ್ತೇನಿ. ಅಲ್ಲಿ ಜೀಪಿನ ಡ್ರೈವರ್‌ಗ ಅದು ಬರೂ ಟೈಮ್ ಗೊತ್ತೈತಿ."

"ಟೈಮ್ ಗೊತ್ತಿದ್ರ ಅದು ಚಿರ್ತಿ ಅಲ್ರಿ," ಎಂದ ಶಶಿಧರ, ಸೀರೆಯ ಸೆರಗು ಹರಡುತ್ತ. "ಬಸ್ಸು."

ನಾಗಲಿಂಗ ನಕ್ಕ. ಅವನಿಗೆ ಬೇಸರವಾಗಲಿಲ್ಲ, ಬೇಸರಪಟ್ಟುಕೊಳ್ಳುವಷ್ಟು ಆಳ ಅವನಲ್ಲಿರಲಿಲ್ಲ ಎಂಬುದು ಶಶಿಧರನ ಅಭಿಪ್ರಾಯ. ಅವರು ಹೋದ ಮೇಲೆ ಪೂರ್ಣಿಮಾ ಹಣದ ಗಲ್ಲೆಯ ಹಿಂದಿನಿಂದ ಎದ್ದು ಬಂದು ಸೀರೆ ಮಡಚತೊಡಗಿದಳು.

"ಹೋಗಿ ನೋಡಿ ಬರಬಾರದೇನು? ಅಲ್ಲಿಂದೂ ಕರೀದ, ಇಲ್ಲಿಂದೂ ಕರೀದ."

"ನಿನಗ ತಿಳಿಯೂದಿಲ್ಲ."

"ತಿಳೀತೈತಿ. ನಿಮಗ ಅದನ್ನ ನೋಡೂದು ಬೇಕಾಗೈತೋ, ಹುಡುಕೂದು ಬೇಕಾಗೈತೋ, ಅದನ್ನ ಮೊದಲ ನೀವ ತಿಳ್ಕೋರಿ."

"ಎರಡೂ ಒಂದ."

"ಒಂದಲ್ಲ," ಎಂದು ಆಕೆ ಸೀರೆಯನ್ನು ಕಪಾಟಿಗೆ ಸೇರಿಸಿದಳು.

ಅದಾದ ಮುಂದಿನ ವರ್ಷ, ಮದುವೆಗಳ ಭರಾಟೆಯ ಏಪ್ರಿಲ್ ತಿಂಗಳು. ಒಂದು ಮಂಗಳವಾರ ಮಧ್ಯಾಹ್ನ ಬೈಲಹೊಂಗಲದ ಬೀಗರು ಅಂಗಡಿ ತುಂಬ ಕೂತಿದ್ದರು. ಮದುಮಗಳ ಅತ್ತೆ ಹಸಿರು ಬೇಡ ಎಂದು, ಮದುಮಗಳ ತಾಯಿ ಹಸಿರೇ ಬೇಕು ಎಂದು ಹಟ ಹಿಡಿದಿದ್ದರು. ಶಶಿಧರನ ಫೋನು ಬಡಿದುಕೊಂಡಿತು. ಯಲ್ಲೇಶ.

"ಸಾವ್ಕಾರ್ರ, ಲಗೂನ ಬರ್ರಿ. ಸಿಕ್ಕೈತಿ. ನಂದಗಡದ ಆಚಿ ಒಂದ್ ಕೋಳಿಗೂಡಿನ್ಯಾಗ ಹೊಕ್ಕೈತಿ. ಹೊರಗಿಂದ ಬಾಗ್ಲಾ ಹಾಕ್ಯಾರ."

"ಯಾವುದು?"

"ಯಾವುದೇನ್ರಿ," ಎಂದ ಯಲ್ಲೇಶ. ಅವನ ದನಿಯಲ್ಲಿ ಹಿಗ್ಗಿರಲಿಲ್ಲ. "ನಮ್ದು. ಕರೀದು."

ಶಶಿಧರ ಬೀಗರನ್ನು ಹೆಂಡತಿಗೆ ಒಪ್ಪಿಸಿ, ಕ್ಯಾಮೆರಾ ಚೀಲ ಹೆಗಲಿಗೇರಿಸಿ ಕಾರು ಹತ್ತಿದ. ಹಸಿರು ಅಂಗಿ ಹಾಕಿಕೊಳ್ಳಲು ಹೊತ್ತಿರಲಿಲ್ಲ. ಖಾನಾಪುರದ ರಸ್ತೆಯಲ್ಲಿ ಹಾರನ್ ಬಾರಿಸುತ್ತ, ಲಾರಿಗಳನ್ನು ದಾಟುತ್ತ ಹೋದ. ಊರು ದಾಟಿದ ಮೇಲೆ ರೈಲು ಗೇಟು ಹಾಕಿತ್ತು. ಗೂಡ್ಸ್ ಗಾಡಿ ಬರುವುದಿತ್ತು. ಅವನು ಇಂಜಿನ್ ಆರಿಸಿದ. ಎಷ್ಟೋ ಹೊತ್ತು ಗಾಡಿ ಬರಲಿಲ್ಲ. ಹಿಂದಿನ ಟೆಂಪೋದವನು ಕೆಳಗಿಳಿದು ಗೇಟಿನವನನ್ನು ಬೈಯುತ್ತಿದ್ದ. ಶಶಿಧರನಿಗೆ ಮಾತ್ರ ಯಾವ ಗಡಿಬಿಡಿಯೂ ಆಗಲಿಲ್ಲ. ಗಾಡಿ ಇನ್ನಷ್ಟು ತಡವಾಗಲಿ, ಅಷ್ಟರಲ್ಲಿ ಅದು ಎಲ್ಲಿಂದಲಾದರೂ ಕಿತ್ತುಕೊಂಡು ಕಾಡು ಸೇರಲಿ ಎಂದು ಮನಸ್ಸು ಒಳಗೊಳಗೇ ಬೇಡುತ್ತಿತ್ತು. ಅದು ಗೊತ್ತಾದದ್ದೇ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗೇಟು ತೆಗೆದ ಕೂಡಲೇ ಬೇಕೆಂದೇ ಜೋರಾಗಿ ಓಡಿಸಿದ.

ಕೋಳಿಗೂಡು ರಸ್ತೆ ಪಕ್ಕದಲ್ಲೇ ಇತ್ತು. ತಗಡಿನ ಮಾಡು, ಸುತ್ತ ತಂತಿ ಜಾಳಿಗೆ, ಅದಕ್ಕೆ ಗೋಣಿತಾಟು. ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿ ನೆರೆದಿದ್ದವು. ಐಸ್‌ಕ್ಯಾಂಡಿಯ ಸೈಕಲ್ ಬಂದಿತ್ತು. ಹೆಂಗಸರು ಕೂಸುಗಳನ್ನು ಎತ್ತಿ ಹಿಡಿದು ತೋರಿಸುತ್ತಿದ್ದರು. ಗೂಡಿನ ಮಾಲಕ ಮೈಲಾರಲಿಂಗ ಇಸ್ತ್ರಿ ಅಂಗಿ ಹಾಕಿಕೊಂಡು ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ, ನಸುಕಿನಲ್ಲಿ ಅದು ತಗಡು ಸರಿಸಿ ಒಳಗೆ ಹಾರಿದ್ದನ್ನು ಹೇಳಿ ಅವನ ಗಂಟಲು ಕಟ್ಟಿಹೋಗಿತ್ತು.

"ಬೆಳಗಾವಿ ಸಾಹೇಬರಿಗೆ ಜಾಗಾ ಬಿಡ್ರಿ," ಎಂದು ಅವನು ದಾರಿ ಮಾಡಿಕೊಟ್ಟ. "ಚಂದಂಗ ತಗೀರಿ ಸರ. ನಮಗೂ ಒಂದ್ ಕಾಪಿ ಕೊಡ್ರಿ. ಬ್ಯಾನರ್ ಮಾಡಸೂದೈತಿ."

ಯಲ್ಲೇಶ ಬೇಲಿಯ ಹತ್ತಿರ ಒಬ್ಬನೇ ನಿಂತಿದ್ದ. ಶಶಿಧರನನ್ನು ನೋಡಿ ತಲೆಯಾಡಿಸಿದ, ಹತ್ತಿರ ಬರಲಿಲ್ಲ.

ಶಶಿಧರ ಗೋಣಿತಾಟು ಸರಿಸಿ ಬಗ್ಗಿ ನೋಡಿದ. ಮೂಲೆಯಲ್ಲಿ ಅದು ಮುದುಡಿ ಕೂತಿತ್ತು. ಒಂಬತ್ತು ವರ್ಷ ಅವನ ತಲೆಯೊಳಗೆ ತಿರುಗಿದ್ದಕ್ಕಿಂತ ಬಹಳ ಸಣ್ಣದು. ಪಕ್ಕೆಲುಬು ಎದ್ದಿದ್ದವು, ಒಂದು ಕಿವಿ ಹರಿದಿತ್ತು, ಮೂತಿಗೆ ಕೋಳಿಪುಕ್ಕ ಅಂಟಿತ್ತು. ಹೊರಗೆ ಯಾರಾದರೂ ಕೂಗಿದಾಗೆಲ್ಲ ಅದು ಬಾಯಿ ತೆರೆದು ಹಲ್ಲು ತೋರಿಸುತ್ತಿತ್ತು, ಆಮೇಲೆ ಇನ್ನಷ್ಟು ಮೂಲೆಗೆ ಒತ್ತಿಕೊಳ್ಳುತ್ತಿತ್ತು. ಮಾಡಿನ ತೂತಿನಿಂದ ಬಿದ್ದ ಬಿಸಿಲು ಅದರ ಬೆನ್ನ ಮೇಲಿತ್ತು. ಆ ಬಿಸಿಲಿನಲ್ಲಿ ಕರಿಯ ತೊಗಲಿನ ಒಳಗೇ ಇನ್ನೊಂದು ಕಪ್ಪಿನ ಚುಕ್ಕೆಗಳು ಸಾಲಾಗಿ ಕಂಡವು, ಕಪ್ಪು ರೇಷ್ಮೆಯ ಮೇಲೆ ಕಪ್ಪು ದಾರದ ಬುಟ್ಟಾ ಇದ್ದ ಹಾಗೆ. ಇಷ್ಟು ವರ್ಷ ಸೀರೆ ಮಾರಿದವನ ಕಣ್ಣು ಅಲ್ಲಿ ಒಂದು ಗಳಿಗೆ ನಿಂತಿತು. ಅಷ್ಟೇ ಅವನಿಗೆ ಆ ದಿನ ದಕ್ಕಿದ್ದು.

ಕ್ಯಾಮೆರಾ ಎತ್ತಿದ. ಗುಡ್ಡದಿಂದ ಗುಡ್ಡಕ್ಕೆ ನೋಡಲೆಂದು ಕೊಂಡ ಲೆನ್ಸು ಅದು. ಎರಡು ಮಾರು ದೂರದಲ್ಲಿದ್ದ ಪ್ರಾಣಿ ಅದರೊಳಗೆ ಬರೀ ಮಸಿಯ ಮುದ್ದೆಯಾಗಿ ಕಂಡಿತು. ಹಿಂದೆ ಸರಿಯೋಣವೆಂದರೆ ಬೆನ್ನ ಹಿಂದೆ ಅರ್ಧ ತಾಲೂಕು ನಿಂತಿತ್ತು. ತಿರುಗಿಸಿ ಮುರುಗಿಸಿ ನೋಡಿದ. ಆಗಲಿಲ್ಲ. ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತಿದ್ದ ಹೆಂಗಸೊಬ್ಬಳು, "ಇದರಾಗ ಚಲೋ ಬರ್ತತ್ರಿ ಅಣ್ಣಾ," ಎಂದು ಕನಿಕರದಿಂದ ಹೇಳಿದಳು. ಶಶಿಧರ ಕಿಸೆಯಿಂದ ತನ್ನ ಮೊಬೈಲ್ ತೆಗೆದ. ಎಲ್ಲರ ಹಾಗೆ ಕೈಯನ್ನು ಜಾಳಿಗೆಗೆ ಒತ್ತಿ ಹಿಡಿದು, ಎಲ್ಲರ ಹಾಗೆ ಒಂದು ಫೋಟೋ ತೆಗೆದ.

ಸಂಜೆಯ ಹೊತ್ತಿಗೆ ಅರಣ್ಯ ಇಲಾಖೆಯವರು ಮದ್ದಿನ ಸೂಜಿ ಹೊಡೆದು, ಬಲೆಯಲ್ಲಿ ಸುತ್ತಿ, ಪಂಜರದಲ್ಲಿ ಹಾಕಿಕೊಂಡು ದೂರದ ಕಾಡಿಗೆ ಬಿಡಲು ಒಯ್ದರು. ಶಶಿಧರ ಹೊರಡುವ ಮುಂಚೆ ಯಲ್ಲೇಶ ಕಾರಿನ ಹತ್ತಿರ ಬಂದ.

"ಆತಲ್ರಿ," ಎಂದ.

"ಆತು," ಎಂದ ಶಶಿಧರ. ಮುಂದಿನ ರವಿವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆ ಫೋಟೋ ಚೆನ್ನಾಗಿಯೇ ಬಂದಿತ್ತು. ಅದೇ ಅದರ ಕೆಟ್ಟತನ. ಜಾಳಿಗೆ ಕಾಣದ ಹಾಗೆ ಮುಖವಷ್ಟೇ ಬಂದು, ತೆರೆದ ಬಾಯಿ ಘರ್ಜಿಸುವಂತಿತ್ತು. ಪೇಪರಿನಲ್ಲಿ ಬಂತು. ನಿಖಿತಾಳ ಕಾಲೇಜಿನವರು ಕೇಳಿ ತರಿಸಿಕೊಂಡರು. ನಾಗಲಿಂಗನ ಬಳಗದವರು ಸತ್ಕಾರ ಇಟ್ಟುಕೊಂಡರು. ಯಾರಾದರೂ ಏನನ್ನಾದರೂ ಮುಗಿಸಿದರೆ ಅವರ ಹೆಗಲಿಗೊಂದು ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಕೆಲಸ ಮುಗಿಯಿತೆಂದು ಊರಿಗೆಲ್ಲ ಸಾರುವುದರಲ್ಲಿ ಬೆಳಗಾವಿಯವರು ಯಾರಿಗೂ ಕಡಿಮೆಯಿಲ್ಲ. ನಾಗಲಿಂಗ ಮೈಕು ಹಿಡಿದು ಗುರಿ, ಛಲ, ಸಾಧನೆ ಎಂದು ಬಹಳ ಹೊತ್ತು ಮಾತಾಡಿದ. ಗುರಿ ಮುಟ್ಟುವವರೆಗೂ ಮಲಗಬಾರದು ಎಂದ. ತಾನು ಮೂರು ದಿನದಲ್ಲಿ ಮುಟ್ಟಿದ್ದನ್ನೂ ನಡುವೆ ಸೇರಿಸಿದ. ಶಶಿಧರ ಶಾಲಿನ ಒಳಗೆ ಬೆವರುತ್ತ ಕೂತಿದ್ದ. ಎರಡು ಮಾತಾಡಿ ಎಂದಾಗ ಎದ್ದು ನಿಂತ.

"ಅದು ಕೋಳಿಗೂಡಿನ್ಯಾಗಿತ್ರಿ," ಎಂದ. "ನಾ ಹುಡುಕಿದ್ದಲ್ಲ. ಕ್ಯಾಮೆರಾದಾಗ ಬರಲಿಲ್ಲ, ಮೊಬೈಲಿನ್ಯಾಗ ತಗದೇನಿ. ಅಲ್ಲಿದ್ದ ಎಲ್ಲಾರೂ ತಗದಾರ."

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಎಂಥ ವಿನಯ ಎಂದು ಮುಂದಿನ ಸಾಲಿನವರು ಒಬ್ಬರಿಗೊಬ್ಬರು ಹೇಳಿಕೊಂಡರು.

ಆಮೇಲೆ ರವಿವಾರಗಳು ಬಂದವು. ಶಶಿಧರ ನಸುಕಿನಲ್ಲೇ ಎದ್ದು, ಹೋಗುವುದಕ್ಕೆ ಎಲ್ಲಿಯೂ ಇಲ್ಲವೆಂದು ನೆನಪಾಗಿ, ಅಡುಗೆಮನೆಗೆ ಬಂದು ನಿಲ್ಲುತ್ತಿದ್ದ. ಕೊತ್ತಂಬರಿ ಹೆಚ್ಚುವುದನ್ನು ನೋಡಿ ಹೀಗಲ್ಲ ಹಾಗೆ ಎನ್ನುತ್ತಿದ್ದ. ಮಗಳ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿ ಆಕೆಯಿಂದ ಬೈಸಿಕೊಂಡ. ತಿಂದದ್ದು ಸೇರುತ್ತಿರಲಿಲ್ಲ, ಹಾಸಿಗೆಯಲ್ಲಿ ಹೊರಳುತ್ತಿದ್ದ. ಅಂಗಡಿಯಲ್ಲಿ ಈಗ ವಾರದ ಎಲ್ಲ ದಿನವೂ ಬುಧವಾರ. ಆ ಫೋಟೋವನ್ನು ಕಟ್ಟು ಹಾಕಿಸಿ ಗಲ್ಲೆಯ ಮೇಲೆ ತೂಗುಹಾಕಲು ನೌಕರರು ಕೇಳಿದಾಗ, "ಸೀರಿ ಅಂಗಡ್ಯಾಗ ಬೆಕ್ಕಿನ ಫೋಟೋ ಯಾಕ?" ಎಂದುಬಿಟ್ಟ. ಬಳಗದವರು ಫೋನು ಮಾಡಿ, ಮುಂದಿನ ಗುರಿ ಯಾವುದು, ಹುಲಿಯೋ ಎಂದು ಕೇಳಿದರು. ಗುರಿಯನ್ನು ಸೀರೆಯ ಹಾಗೆ ಕಪಾಟಿನಿಂದ ಇಳಿಸಿ ಆರಿಸಬಹುದು ಎಂದುಕೊಂಡವರ ಜೊತೆ ಏನು ಮಾತಾಡುವುದೆಂದು ಅವನು ಫೋನು ಇಟ್ಟ.

ಮೇ ಕೊನೆಯ ವಾರ ಯಲ್ಲೇಶ ಅಂಗಡಿಗೆ ಬಂದ. ತಂಗಿ ನೀಲಾಳಿಗೆ ಒಂದು ಸೀರೆ ಬೇಕಾಗಿತ್ತಂತೆ. ಅವನು ಕುಳಿತುಕೊಳ್ಳುವುದಕ್ಕೆ ಮುಂಚೆಯೇ ಅವನಿಗೆ ಚಹಾ ಬಂತು. ಗಲ್ಲೆಯ ಹಿಂದೆ ಕೂತಿದ್ದ ಪೂರ್ಣಿಮಾ ಬಿಲ್ಲು ಬರೆಯುವುದರಲ್ಲಿ ಮುಳುಗಿದ್ದಳು. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಆಕೆ ಯಾರ ಬಿಲ್ಲು ಬರೆಯುತ್ತಿದ್ದಾಳೆ ಎಂದು ಶಶಿಧರನಿಗೆ ತಿಳಿಯಲಿಲ್ಲ.

"ಮತ್ತೇನ್ರಿ ಸಾವ್ಕಾರ್ರ," ಎಂದ ಯಲ್ಲೇಶ, ಒಂದು ಸೀರೆಯ ಅಂಚು ಮುಟ್ಟಿ ನೋಡುತ್ತ. "ಇನ್ನೊಂದ್ ಐತ್ರಿ."

"ಇನ್ನೊಂದ್ ಸೀರಿ?"

"ಅಲ್ರಿ. ಕರೀದು. ಅದಕ್ಕಿಂತ ದೊಡ್ಡದು. ಮೊನ್ನಿ ಹಳ್ಳದ ದಂಡ್ಯಾಗ ಹೆಜ್ಜಿ ನೋಡಿದ್ನಿ. ಕೆಸರಿನ್ಯಾಗ ಚಂದಂಗ ಮೂಡಿತ್ತು."

ಮೇ ತಿಂಗಳು. ಒಂದು ಹನಿ ಮಳೆ ಬಿದ್ದಿರಲಿಲ್ಲ. ಆ ಹಳ್ಳ ಮಾರ್ಚಿಗೇ ಬತ್ತಿ ಬರೀ ಕಲ್ಲಾಗುತ್ತದೆ ಎಂದು ಯಲ್ಲೇಶನಿಗೂ ಗೊತ್ತು, ಶಶಿಧರನಿಗೂ ಗೊತ್ತು. ಕೆಸರು ಎಲ್ಲಿಂದ ಬಂತೋ ಎಂದು ಕೇಳಲು ಶಶಿಧರ ಬಾಯಿ ತೆರೆದ. ಪೂರ್ಣಿಮಾಳ ಪೆನ್ನು ನಿಂತದ್ದು ಕಂಡಿತು. ಯಲ್ಲೇಶ ಕಣ್ಣೆತ್ತದೆ ಅದೇ ಅಂಚನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮನೆಯವರೂ ಕಾಡಿನವನೂ ಸೇರಿ ತನ್ನನ್ನು ಒಂದು ಕೂಸಿನ ಹಾಗೆ ರಮಿಸುತ್ತಿದ್ದಾರೆ ಎಂದು ಶಶಿಧರನಿಗೆ ನಿಚ್ಚಳವಾಗಿ ಗೊತ್ತಾಯಿತು. ಬೇರೆ ಯಾರಾದರೂ ಹೀಗೆ ಮೋಸಹೋದದ್ದನ್ನು ಕೇಳಿದ್ದರೆ ಅವನು ಅವರನ್ನು ಎಷ್ಟು ಹಗುರ ಮಾಡುತ್ತಿದ್ದ ಎಂಬುದೂ ಹೊಳೆಯಿತು.

"ಮುಂಗಾಲಿಂದೋ ಹಿಂಗಾಲಿಂದೋ?" ಎಂದು ಕೇಳಿದ.

ಯಲ್ಲೇಶ ಚಹಾ ಗುಟುಕರಿಸಿದ. "ಮುಂಗಾಲಿಂದ್ರಿ. ಬಲಗಡಿದು." ಸ್ವಲ್ಪ ಯೋಚಿಸಿದ. "ಒಂದ್ ಬಾಜು ಒತ್ತಿ ಬಿದ್ದಿತ್ತು. ಕುಂಟತೈತಿ ಅನಸ್ತೈತಿ."

"ಕುಂಟೂದಿದ್ರ ನೆತ್ತಿ ದಾರಿ ಹಿಡಿಯೂದಿಲ್ಲ ಅದು."

"ಅದಕ್ಕ ನಾ ಮೊದಲಿಂದ ಹೇಳಾಕತ್ತೇನ್ರಿ, ಹಳ್ಳಾ ಹಿಡದ ಬರ್ತತಿ ಅಂತ."

"ಹಳ್ಳಾ ಹಿಡದ್ರ ಕಲ್ಲಿನ್ಯಾಗ ಕಾಲು ಜಾರೂದಿಲ್ಲೇನು ಅದಕ್ಕ? ಏನ್ ಮಾತಾಡ್ತೀಯೋ."

ಮಾತು ಹಳ್ಳ ದಾಟಿತು, ಬಿದಿರು ಮೆಳೆ ದಾಟಿತು. ಚಹಾ ಆರಿ ತಣ್ಣಗಾಯಿತು. ಸೀರೆಯ ಸುದ್ದಿ ಇಬ್ಬರಿಗೂ ಮರೆತುಹೋಯಿತು. ಕಡೆಗೆ ಪೂರ್ಣಿಮಾಳೇ ಎದ್ದು ಬಂದು ನೀಲಾಳಿಗೊಂದು ಗುಲಾಬಿ ಸೀರೆ ಆರಿಸಿ ಕಟ್ಟಿಕೊಟ್ಟಳು. ಶುಕ್ರವಾರ ಶಶಿಧರ ಬೂಟು ಹುಡುಕಿದಾಗ ಅವು ಮಾಳಿಗೆಯಿಂದ ಇಳಿದು ಬಾಗಿಲ ಹತ್ತಿರ ಬಂದಿದ್ದವು.

ಆ ರವಿವಾರ ಇಬ್ಬರೂ ಇಡೀ ದಿನ ಗುಡ್ಡ ಸುತ್ತಿದರು. ಹಳ್ಳದಲ್ಲಿ ನೀರಿರಲಿಲ್ಲ, ಕೆಸರಿರಲಿಲ್ಲ, ಅದರ ಮಾತನ್ನು ಇಬ್ಬರೂ ಆಡಲಿಲ್ಲ. ಒಂದು ನವಿಲು ಕಂಡಿತು. ಒಂದು ಕಡೆ ಮುಸುವಗಳು ಒಮ್ಮೆಲೇ ಗದ್ದಲ ಮಾಡಿದವು. ಇಬ್ಬರೂ ಉಸಿರು ಬಿಗಿಹಿಡಿದು ಕೂತರು, ಕಟ್ಟಿಗೆ ಹೊತ್ತ ಹೆಂಗಸು ಬಂದಳು. ಮರಳುವಾಗ ಖಾನಾಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಿಸಳ-ಪಾವು ತಿನ್ನಲು ಕೂತರು. ಶಶಿಧರ ಎರಡು ಪ್ಲೇಟು ತಿಂದು ಮೂರನೆಯದಕ್ಕೆ ಹೇಳಿದ. ಎದುರಿನ ಬೆಂಚಿನ ಮೇಲಿದ್ದವನೊಬ್ಬ ಅವನನ್ನೇ ದಿಟ್ಟಿಸಿ ನೋಡುತ್ತಿದ್ದ.

"ಸರ, ಆ ಕರಿ ಚಿರ್ತಿ ಫೋಟೋ ತಗದವರು ನೀವ ಅಲ್ರಿ? ಪೇಪರಿನ್ಯಾಗ ಬಂದಿತ್ತಲ್ಲ."

ಯಲ್ಲೇಶ ತಲೆ ತಗ್ಗಿಸಿ ಪಾವು ಮುರಿದುಕೊಂಡ.

"ಅಲ್ರಿ," ಎಂದ ಶಶಿಧರ. "ಅವರು ಬ್ಯಾರೆ. ಖಡೇಬಜಾರದಾಗ ಸೀರಿ ಮಾರ್ತಾರ."

"ಹೌದೇನ್ರಿ? ಭಾಳ ದೊಡ್ಡ ಸಾಧಕರಂತ ಬರದಿದ್ರು."

"ಹಾಂ," ಎಂದು ಶಶಿಧರ ಖಾರದ ರಸ್ಸಾ ಇನ್ನಷ್ಟು ಹಾಕಿಸಿಕೊಂಡ. "ಬರೀಲಾಕ ಪೇಪರಿನವರಿಗೇನು."